ಮೇಲ್ ಇದ್ದದ್ದು ಮಿಲ್ಲಿನಲ್ಲಿ

ಕಂಪ್ಯೂಟರ್ ರಿಪೇರಿಗೆ ಬಂದಿದ್ದೇನೆ ಎಂದರೆ ಎಸ್ಟೇಟ್ ಗೇಟಿನ ವಾಚ್‌ಮನ್‌ಗಳು ಮೊದಲು ನನ್ನ ಹಿಂದಿನ ರಸ್ತೆಯನ್ನು ನೋಡುತ್ತಿದ್ದರು, ಗಂಡಸು ಯಾರೋ ಹಿಂದೆ ಬರುತ್ತಿರಬೇಕು ಎಂದುಕೊಂಡು. ಯಾರೂ ಬರದಿದ್ದರೆ ನನ್ನ ಹೆಗಲ ಚೀಲದ ಮೇಲೆ ಕಣ್ಣಾಡಿಸಿ, "ಪೋಲಿಯೋ ಹನಿಯಾ ಅಕ್ಕ?" ಎಂದು ಕೇಳುತ್ತಿದ್ದರು. ಮೂಡಿಗೆರೆ ಹತ್ತಿರದ ಒಂದು ಎಸ್ಟೇಟಿನಲ್ಲಿ ನಾನು ಉತ್ತರ ಕೊಡುವ ಮೊದಲೇ ವಾಚ್‌ಮನ್ ಕೂಲಿ ಲೈನಿನ ಕಡೆ ಕೂಗಿಬಿಟ್ಟ. ನಾನು ಆಫೀಸು ತಲುಪುವಷ್ಟರಲ್ಲಿ ತಾಯಂದಿರು ಮಕ್ಕಳ ಬಾಯಿ ತೆರೆಸಿಕೊಂಡು ಸಾಲಾಗಿ ನಿಂತಿದ್ದರು. ನನ್ನ ಚೀಲದಲ್ಲಿ ಇದ್ದದ್ದು ಸ್ಕ್ರೂಡ್ರೈವರ್, ಧೂಳು ಹೊಡೆಯುವ ಬ್ರಷ್, ಒಂದಿಷ್ಟು ಸಿ.ಡಿ. ಸಿ.ಡಿ.ಯನ್ನು ಬಿಸಿಲಿಗೆ ಹಿಡಿದು ಬಣ್ಣ ತೋರಿಸಿದೆ. ಮಕ್ಕಳು ಹನಿಗಿಂತ ಅದನ್ನೇ ಮೆಚ್ಚಿದವು. ತಾಯಂದಿರಿಗೆ ಮಾತ್ರ ಸರ್ಕಾರ ಮೋಸ ಮಾಡಿತು ಅನ್ನಿಸಿರಬೇಕು.

ಚಿಕ್ಕಮಗಳೂರಿನ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ನನ್ನ ಉದ್ಯೋಗದ ಅಷ್ಟೂ ವರ್ಷ ಕಳೆದವು. ಮೂಡಿಗೆರೆ, ಕೊಟ್ಟಿಗೆಹಾರ, ಕಳಸದ ಕಡೆಯ ಎಸ್ಟೇಟುಗಳೆಲ್ಲ ನನ್ನ ಪಾಲಿಗೆ ಬಂದಿದ್ದವು, ಏಕೆಂದರೆ ಆ ಕಡೆಯ ಬಸ್ಸಿನಲ್ಲಿ ವಾಂತಿ ಬಾರದವಳು ಅಂಗಡಿಯಲ್ಲಿ ನಾನೊಬ್ಬಳೇ. ಈಗ ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಸಿಕ್ಕಾಗ, "ಪ್ರಮೀಳಾ ಮೇಡಂ, ಆಗೆಲ್ಲ ಹೇಗಿತ್ತು?" ಎಂದು ಕೇಳುತ್ತಾರೆ. ಅವರಿಗೆಂದೇ ಇದನ್ನು ಬರೆಯುತ್ತಿದ್ದೇನೆ. ಸಂಬಳ, ಬಡ್ತಿಯ ವಿಚಾರ ಬಿಡೋಣ. ಬಡ್ತಿ ಎಂದು ನನಗೆ ಸಿಕ್ಕಿದ್ದು ಒಂದು ದೊಡ್ಡ ಚೀಲ.

ನಮ್ಮ ಯಜಮಾನರು ವಿಶ್ವನಾಥಪ್ಪನವರು ಮೊದಲು ಪಂಪ್‌ಸೆಟ್ ಮತ್ತು ಔಷಧಿ ಹೊಡೆಯುವ ಸ್ಪ್ರೇಯರ್ ಮಾರುತ್ತಿದ್ದವರು. ಕಂಪ್ಯೂಟರಿನ ಕಾಲ ಬಂತು ಎಂದು ಬೋರ್ಡು ಬದಲಾಯಿಸಿದರು, ಮನಸ್ಸು ಬದಲಾಯಿಸಲಿಲ್ಲ. ಪಂಪ್‌ಸೆಟ್ ಕೆಟ್ಟರೆ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಮತ್ತೆ ಜೋಡಿಸುವುದು. ಕಂಪ್ಯೂಟರಿಗೂ ಅವರ ಮದ್ದು ಅದೇ. "ಫಾರ್ಮ್ಯಾಟ್ ಹೊಡಿ" ಎನ್ನುತ್ತಿದ್ದರು. ನಿಧಾನವಾದರೆ ಫಾರ್ಮ್ಯಾಟ್, ವೈರಸ್ ಬಂದರೆ ಫಾರ್ಮ್ಯಾಟ್, ಮೌಸ್ ಓಡದಿದ್ದರೂ ಫಾರ್ಮ್ಯಾಟ್. ಫಾರ್ಮ್ಯಾಟ್ ಎಂದರೆ ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿ ಸ್ಲೇಟಿನ ಹಾಗೆ ಮಾಡುವುದು ಎಂದು ಗಿರಾಕಿಗೆ ತಿಳಿಯುತ್ತಿದ್ದದ್ದು ಕೆಲಸ ಮುಗಿದ ಮೇಲೆ.

ಇಂದಿನವರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಈಗ ಮೇಲ್ ಎಲ್ಲೋ ದೂರದ ಯಂತ್ರದಲ್ಲಿರುತ್ತದೆ, ನೀವು ಫೋನಿನಲ್ಲಿ ಇಣುಕಿ ನೋಡುತ್ತೀರಿ. ಆಗ ಹಾಗಿರಲಿಲ್ಲ. ಬಾವಿಯಿಂದ ನೀರು ಸೇದಿ ಮನೆಯ ಹಂಡೆಗೆ ತುಂಬಿಕೊಂಡಂತೆ, ಮೇಲ್ ಕಂಪ್ಯೂಟರಿಗೆ ಇಳಿಯುತ್ತಿತ್ತು, ಬಾವಿ ಖಾಲಿಯಾಗುತ್ತಿತ್ತು. ಆ ಹಂಡೆ ಒಡೆದರೆ ಹೋಯಿತು.

ಯಜಮಾನರು ಒಡೆದ ಮೊದಲ ಹಂಡೆ ಬಾಬಾಬುಡನ್‌ಗಿರಿ ತಪ್ಪಲಿನ ಒಬ್ಬ ಪ್ಲಾಂಟರದು. ಹೊಸ ಕಂಪ್ಯೂಟರ್ ಕೊಟ್ಟರು, ಹಳೆಯದನ್ನು ಅಲ್ಲೇ ಫಾರ್ಮ್ಯಾಟ್ ಹೊಡೆದು ಇನ್ನೊಬ್ಬರಿಗೆ ಮಾರಿದರು. ಪ್ಲಾಂಟರ್ ಹೊಸದನ್ನು ತೆರೆದರೆ ಮೇಲ್ ಪೆಟ್ಟಿಗೆ ಬೆಳ್ಳಗಿತ್ತು. "ನನ್ನ ಮೇಲ್ ಎಲ್ಲಿ?" ಎಂದು ಕೇಳಿದ್ದಕ್ಕೆ ಯಜಮಾನರು, "ಇಂಟರ್ನೆಟ್‌ನಲ್ಲಿರುತ್ತೆ ಸಾರ್, ಬರುತ್ತೆ. ಮಳೆಗಾಲ ನೋಡಿ, ಸ್ವಲ್ಪ ನಿಧಾನ" ಎಂದರು. ಆ ಮನುಷ್ಯ ನಂಬಿದರು. ಮಳೆ ಬಿಟ್ಟಾಗಲೆಲ್ಲ ಅಂಗಡಿಗೆ ಫೋನ್ ಮಾಡಿ, "ಇಲ್ಲಿ ಹೊಳವಾಯ್ತು, ಇನ್ನೂ ಬಂದಿಲ್ಲವಲ್ಲ" ಎನ್ನುತ್ತಿದ್ದರು. ಕೊಯ್ಲಿನ ಹೊತ್ತಿಗೆ ಅವರಿಗೆ ಸತ್ಯ ಹೊಳೆಯಿತು. ಅವರು ಅಂಗಡಿಗೆ ಬಂದ ದಿನ ಯಜಮಾನರು ಹಿಂಬಾಗಿಲಿನಿಂದ ಬ್ಯಾಂಕಿಗೆ ಹೋದರು. ಮರುದಿನ ನನ್ನನ್ನು ಕರೆದು, "ಇನ್ಮೇಲೆ ಮೇಲ್ ಸಾಗಿಸೋ ಕೆಲ್ಸ ಎಲ್ಲ ನಿಂದೇ" ಎಂದರು. ನಾನು ಮೇಲ್ ತಜ್ಞೆಯಾದದ್ದು ಹೀಗೆ.

ಕಲಿತದ್ದೆಲ್ಲ ಅಲ್ಲಿಂದಾಚೆಗೆ. ಮೇಲ್ ಪ್ರೋಗ್ರಾಮನ್ನು ಮುಚ್ಚಿಯೇ ನಕಲು ಮಾಡಬೇಕು, ತೆರೆದಿದ್ದಾಗ ಮಾಡಿದರೆ ಅರ್ಧಂಬರ್ಧ ಬರುತ್ತದೆ. ಕತ್ತರಿಸಿ ಅಂಟಿಸಬಾರದು, ನಕಲೇ ತೆಗೆಯಬೇಕು. ವಿಳಾಸಗಳ ಪುಸ್ತಕ ಬೇರೆ ಕಡೆ ಕೂತಿರುತ್ತದೆ, ಅದನ್ನು ಮರೆಯಬಾರದು. ಎಲ್ಲಕ್ಕಿಂತ ಮುಖ್ಯ, ಮಾಲೀಕರು ಹೊಸ ಕಂಪ್ಯೂಟರಿನ ಮುಂದೆ ಕೂತು ತಮ್ಮ ಕೈಯಾರೆ ಹಳೆಯ ಮೇಲ್ ಒಂದನ್ನು ತೆರೆದು ಓದುವ ತನಕ ಹಳೆಯ ಕಂಪ್ಯೂಟರನ್ನು ಮುಟ್ಟಬಾರದು.

ಕಸದ ಮೇಲ್ ಬಿಟ್ಟು ಉಳಿದದ್ದು ಸಾಗಿಸಲೇ ಎಂದು ಒಮ್ಮೆ ಕೇಳಿ ನಾನು ಪಾಠ ಕಲಿತೆ. ದೇವರಮನೆ ಕಡೆಯ ಒಬ್ಬ ವಯಸ್ಸಾದ ಪ್ಲಾಂಟರ್, ಲಾಟರಿ ಬಂದಿದೆ ಎಂದು ಬರುವ ಮೋಸದ ಮೇಲ್‌ಗಳಿಗೆಲ್ಲ, "ತಮ್ಮ ಪತ್ರ ತಲುಪಿತು, ಸದ್ಯಕ್ಕೆ ಅಗತ್ಯವಿಲ್ಲ, ಮನೆಯವರೆಲ್ಲ ಕ್ಷೇಮವೇ?" ಎಂದು ಉತ್ತರ ಬರೆಯುತ್ತಿದ್ದರು. "ಅಷ್ಟು ದೂರದಿಂದ ಬರೀತಾರೆ, ಹಂಗೆ ಬಿಟ್ ಬರೋಕಾಗುತ್ತಾ?" ಎಂದರು. ಎಲ್ಲವನ್ನೂ ತಂದೆ.

ಆದರೆ ನನ್ನ ಬೆವರಿಳಿಸಿದ್ದು ಕಳಸದ ಹತ್ತಿರದ ಗೌಡರ ಎಸ್ಟೇಟು. ಅಣ್ಣ ಮಂಜಪ್ಪಗೌಡರು, ತಮ್ಮ ಪ್ರಭಾಕರ ಗೌಡರು ಒಟ್ಟಿಗೆ ತೋಟ ನಡೆಸುತ್ತಿದ್ದವರು, ಅದೇನೋ ಮಾತಿಗೆ ಮಾತು ಬೆಳೆದು ಪಾಲಿಗೆ ಇಳಿದಿದ್ದರು. ನಾನು ಹೋಗುವ ಹೊತ್ತಿಗೆ ಪಾಲು ಮುಕ್ಕಾಲು ಮುಗಿದಿತ್ತು. ಕಾಫಿ ಒಣಗಿಸುವ ಕಣದ ನಡುವೆ ಇಟ್ಟಿಗೆ ಸಾಲು ಬಂದಿತ್ತು. ಜೀಪು ತಮ್ಮನಿಗೆ, ಕಾರು ಅಣ್ಣನಿಗೆ. ಜನರೇಟರ್ ತಮ್ಮನಿಗೆ, ಅದಕ್ಕೆ ಹಾಕುವ ಡೀಸೆಲ್ ಡ್ರಮ್ಮು ಅಣ್ಣನಿಗೆ. ನಾಯಿಯನ್ನು ಅಣ್ಣನಿಗೆ ಎಂದು ಬರೆದಿದ್ದರೂ ಅದು ಊಟಕ್ಕೆ ತಮ್ಮನ ಮನೆಗೇ ಹೋಗುತ್ತಿತ್ತು.

ಉಳಿದದ್ದು ಆಫೀಸಿನ ಹಳೆಯ ಕಂಪ್ಯೂಟರಿನಲ್ಲಿದ್ದ ಮೇಲ್. ಬಹಳ ವರ್ಷದ ಮೇಲ್. ಅವರ ಕಾಫಿಯನ್ನು ನೇರವಾಗಿ ಕೊಳ್ಳುತ್ತಿದ್ದ ಹೊರದೇಶದ ಒಬ್ಬ ವ್ಯಾಪಾರಿಯದು, ಹೋಂಸ್ಟೇಗೆ ಬಂದು ಹೋದ ಅತಿಥಿಗಳದು, ನೆಂಟರು ಕಳಿಸಿದ ಫೋಟೋ, ಎಲ್ಲ ಒಂದೇ ಪೆಟ್ಟಿಗೆಯಲ್ಲಿ. ಇಬ್ಬರೂ ಒಂದೊಂದು ಹೊಸ ಕಂಪ್ಯೂಟರ್ ತರಿಸಿ ಇಟ್ಟುಕೊಂಡಿದ್ದರು. ಇಬ್ಬರ ಕಣ್ಣೂ ಆ ವ್ಯಾಪಾರಿಯ ಮೇಲೆ.

ನಾನು ಸಂತೋಷದಿಂದಲೇ ಹೇಳಿದೆ, "ಇಬ್ಬರಿಗೂ ಪೂರ್ತಿ ಕೊಡಬಹುದು ಸಾರ್. ನಕಲು ಮಾಡಿದ್ರೆ ಯಾರಿಗೂ ಕಮ್ಮಿ ಆಗಲ್ಲ."

ಮಂಜಪ್ಪಗೌಡರು ಒಪ್ಪಲಿಲ್ಲ. "ಇಬ್ರಿಗೂ ಪೂರ್ತಿ ಸಿಕ್ಕಿದ್ರೆ ಅದು ಪಾಲು ಹೆಂಗಾಗುತ್ತೆ ಮೇಡಂ?"

ಪ್ರಭಾಕರ ಗೌಡರು ಗೋಡೆ ನೋಡುತ್ತಾ, "ಅವ್ರು ಹೇಳಿದ್ದು ಸರಿ ಇದೆ ಅಂತ ಹೇಳಿ ಅವ್ರಿಗೆ" ಎಂದು ನನಗೆ ಹೇಳಿದರು. ಇಬ್ಬರ ನಡುವೆ ನೇರ ಮಾತು ನಿಂತುಹೋಗಿತ್ತು. ಆ ವರ್ಷ ಅವರಿಬ್ಬರೂ ಒಪ್ಪಿದ ಮಾತು ಅದೊಂದೇ ಎಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಆಮೇಲೆ ಹೇಳಿದರು.

ಕೊನೆಗೆ ಇಬ್ಬರೂ ಸೀತಮ್ಮನವರನ್ನು ಕರೆಸಿದರು. ಇವರು ಅವರ ಸೋದರತ್ತೆ, ಕಳಸ ಪೇಟೆಯಲ್ಲಿ ಹಿಟ್ಟಿನ ಮಿಲ್ಲು ನಡೆಸುತ್ತಿದ್ದವರು. ಗಂಡ ಇದ್ದಾಗಲೂ ಮಿಲ್ಲಿನಲ್ಲಿ ಅವರದ್ದೇ ಆಳ್ವಿಕೆ. ಬೆಲ್ಟು ಕಟ್ಟಾದರೆ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ತಾವೇ ಹೊಲಿಯುತ್ತಿದ್ದರು. ಬಂದವರೇ ಕುರ್ಚಿ ಎಳೆದುಕೊಂಡು, "ಎಂಥದು ಪಾಲು ಮಾಡ್ಬೇಕಾದ್ದು? ತೋರ್ಸು" ಎಂದರು. ನಾನು ಪರದೆ ತೋರಿಸಿದೆ. "ಇದಾ? ಒಂದೊಂದಾಗಿ ಓದ್ತಾ ಹೋಗು ಹುಡ್ಗಿ. ಯಾರದ್ದು ಅಂತ ಅಲ್ಲಲ್ಲೇ ಹೇಳ್ತೀನಿ."

ಓದಿದೆ. ಮೊದಲನೆಯದು ಒಬ್ಬ ಅತಿಥಿಯ ದೂರು, ಹೋಂಸ್ಟೇಯ ನಾಯಿ ಅವರ ಚಪ್ಪಲಿ ತಿಂದದ್ದರ ಬಗ್ಗೆ.

"ಇದು ಯಾರದ್ದು?" ಎಂದರು ಅತ್ತೆ.

"ಅವ್ನದ್ದು" ಎಂದರು ಅಣ್ಣ.

"ಅವ್ರದ್ದು" ಎಂದರು ತಮ್ಮ.

ಮುಂದಿನದು ಇನ್ನೊಬ್ಬ ಅತಿಥಿ ಕಡುಬು, ಕೋಳಿಸಾರನ್ನು ಹೊಗಳಿದ್ದು. ಅದು ಇಬ್ಬರದೂ ಆಯಿತು. ಹೀಗೆ ಹೊಗಳಿಕೆಯೆಲ್ಲ ತಮಗೆ, ದೂರೆಲ್ಲ ಎದುರಿನವರಿಗೆ. ವ್ಯಾಪಾರಿಯ ಮೇಲ್ ಬಂದಾಗಲಂತೂ ಇಬ್ಬರೂ ಎದ್ದು ನಿಲ್ಲುತ್ತಿದ್ದರು. ಕಾಫಿ ಎರಡು ಸಲ ಬಂತು. ನಾವು ಇನ್ನೂ ಮೊದಲ ತಿಂಗಳ ಮೇಲ್‌ನಲ್ಲೇ ಇದ್ದೆವು.

ಆಗ ಕಂಪ್ಯೂಟರಿನ ಡಬ್ಬಿಯೊಳಗಿಂದ ಸದ್ದು ಕೇಳಿಸಿತು. ಟಿಕ್. ಸ್ವಲ್ಪ ಬಿಟ್ಟು ಮತ್ತೆ ಟಿಕ್. ಆ ಸದ್ದು ಮಾಡಿದ ಡಿಸ್ಕು ಹೆಚ್ಚು ದಿನ ಬಾಳುವುದಿಲ್ಲ. ಕೆಲವು ಒಂದು ಗಂಟೆಯೂ ಬಾಳುವುದಿಲ್ಲ.

"ಅಮ್ಮ, ಡಿಸ್ಕ್ ಹೋಗ್ತಾ ಇದೆ. ಮೊದ್ಲು ಒಂದು ನಕಲು ತೆಗೀತೀನಿ, ಪಾಲು ಆಮೇಲೆ ಮಾಡೋಣ" ಎಂದೆ.

"ನಕಲು ಯಾರ ಹೆಸ್ರಿಗೆ?" ಎಂದರು ಮಂಜಪ್ಪಗೌಡರು.

"ತೀರ್ಮಾನ ಆಗೋ ತನಕ ಯಾರೂ ಮುಟ್ಟೋ ಹಂಗಿಲ್ಲ ಅಂತ ಹೇಳಿ" ಎಂದರು ಪ್ರಭಾಕರ ಗೌಡರು.

ಸೀತಮ್ಮನವರು ಬಗ್ಗಿ, ಡಬ್ಬಿಗೆ ಕಿವಿ ಕೊಟ್ಟು ಕೇಳಿದರು. ಎದ್ದು, "ಬೇರಿಂಗ್ ಹೋಗಿದೆ" ಎಂದರು. "ನಮ್ಮ ಮಿಲ್ಲಿಂದು ಹೋಗೋವಾಗ ಹಿಂಗೇ ಕೂಗಿತ್ತು. ತೆಗಿ ಹುಡ್ಗಿ. ನನ್ ಹೆಸ್ರಿಗೆ ತೆಗಿ."

ನನ್ನ ಬಳಿ ಇದ್ದ ಇನ್ನೊಂದು ಡಿಸ್ಕನ್ನು ಹೊರಗಿನಿಂದ ಜೋಡಿಸಿ, ಮೇಲ್ ಪ್ರೋಗ್ರಾಮ್ ಮುಚ್ಚಿ, ನಕಲು ಶುರು ಮಾಡಿದೆ. ಪರದೆಯ ಮೇಲೆ ಹಸಿರು ಪಟ್ಟಿ ಬಸವನಹುಳುವಿನ ಹಾಗೆ ತೆವಳತೊಡಗಿತು. ಅದು ಅರ್ಧ ದಾಟುವ ಮೊದಲೇ ಕರೆಂಟು ಹೋಯಿತು. ಯು.ಪಿ.ಎಸ್. ಕೀ ಕೀ ಎಂದು ಕೂಗಿಕೊಂಡಿತು. ಅದರ ಬ್ಯಾಟರಿ ಎಷ್ಟು ಹಳೆಯದು ಎಂದು ಕೇಳಿದೆ. ರೈಟರು ಮುಖ ತಗ್ಗಿಸಿದರು.

"ಜನರೇಟರ್ ಹಾಕ್ಸಿ" ಎಂದೆ.

ಪ್ರಭಾಕರ ಗೌಡರು ಓಡಿದರು. ಓಡಿದವರು ಹಾಗೆಯೇ ವಾಪಸು ಬಂದು ಬಾಗಿಲಲ್ಲಿ ನಿಂತರು. "ಡೀಸೆಲ್ ಇಲ್ಲ" ಎಂದರು ನನಗೆ.

ಎಲ್ಲರೂ ಮಂಜಪ್ಪಗೌಡರನ್ನು ನೋಡಿದೆವು. ಅವರು ಅಂಗಿಯ ಮೇಲಿನ ಗುಂಡಿ ಸರಿಮಾಡಿಕೊಂಡರು. "ಡೀಸೆಲ್ ನನ್ ಪಾಲಿಂದು. ಕೇಳೋರು ಬಾಯ್ಬಿಟ್ಟು ಕೇಳ್ಬೇಕು."

ಯು.ಪಿ.ಎಸ್. ಕೂಗು ಬಿರುಸಾಯಿತು. ಪ್ರಭಾಕರ ಗೌಡರ ಕುತ್ತಿಗೆಯ ನರ ಉಬ್ಬಿದ್ದು ನನಗೆ ಕಾಣಿಸುತ್ತಿತ್ತು. ಕೇಳಲಾರರು ಅನ್ನಿಸಿತು. ಆಗ ಸೀತಮ್ಮನವರು ಎದ್ದು, "ಮಂಜ, ಡೀಸೆಲ್ ತಗಂಬಾ. ಪ್ರಭಾಕರ, ಹ್ಯಾಂಡಲ್ ತಿರುಗ್ಸು. ನನ್ ಮೇಲ್ ಅದು, ನಿಮ್ದಲ್ಲ" ಎಂದರು. ಇಬ್ಬರು ದೊಡ್ಡ ಗೌಡರು ಶಾಲೆಗೆ ತಡವಾದ ಹುಡುಗರ ಹಾಗೆ ಓಡಿದರು. ಒಬ್ಬರು ಕೊಡ ಹಿಡಿದು ಸುರಿದರು, ಒಬ್ಬರು ಹ್ಯಾಂಡಲ್ ತಿರುಗಿಸಿದರು. ಯು.ಪಿ.ಎಸ್. ಕಣ್ಣು ಮುಚ್ಚುವ ಹೊತ್ತಿಗೆ ಜನರೇಟರ್ ಗುಡುಗಿತು. ಹಸಿರು ಪಟ್ಟಿ ನಡುನಡುವೆ ನಿಂತು, ಉಸಿರು ತೆಗೆದುಕೊಂಡು, ಕೊನೆಗೆ ಆ ತುದಿ ಮುಟ್ಟಿತು. ವಿಳಾಸ ಪುಸ್ತಕವನ್ನೂ ತೆಗೆದೆ.

ಈಗ ಅತ್ತೆಯ ಹೆಸರಿಗೆ ಮೇಲ್ ಬಂತು, ಅತ್ತೆಯ ಬಳಿ ಕಂಪ್ಯೂಟರ್ ಇರಲಿಲ್ಲ. "ಇಬ್ರೂ ಹೊಸದು ತಂದಿದೀರಲ್ಲ, ಒಂದನ್ನ ಮಿಲ್ಲಿಗೆ ಕಳ್ಸಿ" ಎಂದರು. ಯಾವುದನ್ನು ಎಂದು ಕೇಳಿದ್ದಕ್ಕೆ, "ಯಾವ್ದು ದೊಡ್ಡದೋ ಅದು" ಎಂದರು. ಅಣ್ಣನದು ದೊಡ್ಡದಿತ್ತು. ತನ್ನದು ಉಳಿಯಿತು ಎಂದು ತಮ್ಮನಿಗೂ ತನ್ನದೇ ದೊಡ್ಡದು ಎಂದು ಅಣ್ಣನಿಗೂ ಸಮಾಧಾನವಾಯಿತು.

ಹಳೆಯ ಕಂಪ್ಯೂಟರಿಗೆ ಇಬ್ಬರೂ ಸಹಿ ಹಾಕಿದ ಕಾಗದ ಅಂಟಿಸಿ ಬೀಗದ ಕೋಣೆಯಲ್ಲಿ ಇಟ್ಟರು. ಕೆಲವು ವಾರದ ಮೇಲೆ ಅದನ್ನು ತೆಗೆದು ನೋಡಿದಾಗ ಡಿಸ್ಕು ಸತ್ತುಹೋಗಿತ್ತು. ಅಲ್ಲಿಗೆ ಮೇಲ್ ಇದ್ದದ್ದು ಮಿಲ್ಲಿನಲ್ಲಿ ಮಾತ್ರ. ಎರಡನೆಯ ನಕಲೊಂದನ್ನು ನಾನು ಅತ್ತೆಯ ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಇರಿಸಿದ್ದೆ. ಒಂದೇ ನಕಲನ್ನು ನಂಬಿ ಮಲಗಬೇಡಿ ಎಂದು ಹೊಸಬರಿಗೆ ಹೇಳಲು ಇದಕ್ಕಿಂತ ಬೇರೆ ಜಾಗ ನನಗೆ ಸಿಗುವುದಿಲ್ಲ.

ಮಿಲ್ಲಿನ ಮೂಲೆಯಲ್ಲಿ ಗಾಜಿನ ಒಂದು ಕೋಣೆ ಇತ್ತು. ಕಂಪ್ಯೂಟರನ್ನು ಅಲ್ಲಿ ಕೂರಿಸಿದೆ. ಹಿಟ್ಟಿನ ಧೂಳು ಕೂರದ ಹಾಗೆ ಅತ್ತೆ ಹಳೆಯ ಸೀರೆಯಲ್ಲಿ ಗವಸು ಹೊಲಿದರು. ಷರತ್ತನ್ನೂ ಹಾಕಿದರು, "ಇಬ್ರೂ ಒಟ್ಟಿಗೆ ಬಂದ್ರೆ ಮಾತ್ರ ತೆಗೆಯೋದು. ಒಬ್ನೇ ಬಂದ್ರೆ ಅಕ್ಕಿ ಬೀಸಿಕೊಂಡು ಹೋಗ್ಬೋದು." ಅದಕ್ಕೆ ತಕ್ಕಂತೆ ನಾನು ಪಾಸ್‌ವರ್ಡನ್ನು ಎರಡು ತುಂಡು ಮಾಡಿದೆ. ಮೊದಲ ತುಂಡು ಅಣ್ಣನಿಗೆ, ಎರಡನೆಯದು ತಮ್ಮನಿಗೆ. ಒಬ್ಬರು ಒತ್ತುವಾಗ ಇನ್ನೊಬ್ಬರು ಗೋಡೆಯ ಕ್ಯಾಲೆಂಡರ್ ಕಡೆ ತಿರುಗಿ ನಿಲ್ಲಬೇಕು.

ಮೊದಲ ದಿನ ನಾನು ಅಲ್ಲೇ ಇದ್ದೆ. ಮಂಜಪ್ಪಗೌಡರು ಒಂದೊಂದು ಅಕ್ಷರವನ್ನೂ ಕೀಬೋರ್ಡಿನಲ್ಲಿ ಕಳೆದುಹೋದ ಉಂಗುರ ಹುಡುಕಿದಂತೆ ಹುಡುಕಿದರು. ಪ್ರಭಾಕರ ಗೌಡರೂ ತಮ್ಮ ತುಂಡು ಒತ್ತಿದ ಮೇಲೆ ತಪ್ಪು ಎಂದು ಬಂತು, ಎರಡನೆಯ ಸಲವೂ ಹಾಗೇ. ಮೂರನೆಯ ಸಲ ಕ್ಯಾಲೆಂಡರ್ ನೋಡುತ್ತಿದ್ದ ಪ್ರಭಾಕರ ಗೌಡರು, "ಕ್ಯಾಪ್ಸ್ ಲಾಕ್ ಆಗಿರ್ಬೇಕು, ನೋಡೋಕ್ ಹೇಳಿ ಅತ್ತೆ" ಎಂದರು. ಆಗಿತ್ತು.

ತೆರೆಯಿತು. ಅಣ್ಣನಿಗೆ ಪರದೆಯ ಅಕ್ಷರ ಕಾಣುತ್ತಿರಲಿಲ್ಲ, ತಮ್ಮ ಓದಬೇಕಾಯಿತು. ಹೊರಗೆ ಮಿಲ್ಲು ಓಡುತ್ತಿತ್ತು. "ಕೇಳ್ತಿಲ್ಲ, ಗಟ್ಟಿಯಾಗಿ ಓದು" ಎಂದರು ಮಂಜಪ್ಪಗೌಡರು. ಅದು ಅವರು ತಮ್ಮನಿಗೆ ನೇರವಾಗಿ ಹೇಳಿದ ಮಾತು. ಹೇಳಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಅವರು ಪ್ರೀತಿಯಿಂದ ಬರುತ್ತಿದ್ದರು ಎಂದು ನಾನು ಬರೆಯುವುದಿಲ್ಲ. ಕೆಲಸ ಇತ್ತು, ಬರುತ್ತಿದ್ದರು. ಮಳೆಗಾಲದಲ್ಲಿ ಅಣ್ಣನ ಕಾರು ತೋಟದ ಏರು ಹತ್ತುತ್ತಿರಲಿಲ್ಲ, ಹಾಗಾಗಿ ತಮ್ಮನ ಜೀಪಿನಲ್ಲೇ ಬರಬೇಕು. ಅಣ್ಣ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದರಂತೆ, ಬಾಡಿಗೆಗೆ ಬಂದವರ ಹಾಗೆ. ಒಂದು ವರ್ಷ ಆ ವ್ಯಾಪಾರಿ, ಹಿಂದೊಮ್ಮೆ ಕಳಿಸಿದ ಕಾಫಿಯಂಥದೇ ಬೇಕು, ಬೇರೆ ಬೇಡ ಎಂದು ಇಬ್ಬರಿಗೂ ಬರೆದ. ಆಗ ಏನು ಕಳಿಸಿದ್ದೆವು ಎಂದು ಹುಡುಕಲು ಇಬ್ಬರೂ ಮಿಲ್ಲಿಗೆ ಬಂದರು. ಹಳೆಯ ಮೇಲ್‌ನಲ್ಲಿ ವಿವರ ಇತ್ತು: ಮೇಲಿನ ಬ್ಲಾಕಿನ ಹಣ್ಣು, ಪಲ್ಪ್ ಮಾಡಿ, ಎಂದರೆ ಸಿಪ್ಪೆ ಬಿಡಿಸಿ, ಕಣದ ನೆರಳಿನ ಬದಿಯಲ್ಲಿ ನಿಧಾನವಾಗಿ ಒಣಗಿಸಿದ್ದು. ಮೇಲಿನ ಬ್ಲಾಕು ಅಣ್ಣನ ಪಾಲಿಗೆ ಹೋಗಿತ್ತು, ಕಣದ ನೆರಳಿನ ಬದಿ ತಮ್ಮನ ಪಾಲಿಗೆ. ಆ ವರ್ಷ ಇಟ್ಟಿಗೆ ಸಾಲಿನಲ್ಲಿ ಒಂದು ಗಾಡಿ ದಾಟುವಷ್ಟು ಜಾಗ ಬಿಟ್ಟರು. ವ್ಯಾಪಾರಿಗೆ ಕಾಫಿ ಹೋಯಿತು. ಪಾಲಿನ ಪತ್ರ ಮಾತ್ರ ಹಾಗೆಯೇ ಉಳಿಯಿತು, ಜಗಳವೂ ಒಂದಿಷ್ಟು ಉಳಿಯಿತು.

ನಾನು ನಿವೃತ್ತಿಯಾಗುವ ಸ್ವಲ್ಪ ಮುಂಚೆ ಸೀತಮ್ಮನವರ ಫೋನ್ ಬಂತು. ಮಿಲ್ಲಿನ ಕಂಪ್ಯೂಟರ್ ಮುದಿಯಾಗಿದೆ, ಹೊಸದು ತಂದಿದ್ದೇನೆ, ಬಂದು ಮೇಲ್ ಸಾಗಿಸು ಎಂದು. ಹೋದೆ. ಕೆಲಸ ಸಲೀಸಾಗಿ ನಡೆಯುತ್ತಿತ್ತು. ಈಗ ಈ ಮೇಲ್‌ಗಳನ್ನೆಲ್ಲ ಇಂಟರ್ನೆಟ್ಟಿಗೆ ಏರಿಸಿಬಿಟ್ಟರೆ ಅಣ್ಣತಮ್ಮ ಇಬ್ಬರೂ ತಮ್ಮ ತಮ್ಮ ಫೋನಿನಲ್ಲಿ, ತಮ್ಮ ಜಗಲಿಯಲ್ಲಿ ಕೂತೇ ಓದಬಹುದು. ವೃತ್ತಿಯವಳಾಗಿ ಹೇಳಬೇಕಾದದ್ದು ಧರ್ಮ ಎಂದುಕೊಂಡೆ.

ಮೊದಲು ಸಿಕ್ಕಿದವರು ಮಂಜಪ್ಪಗೌಡರು, ಕೈಕಾಲು ತೊಳೆಯುವ ಕಡೆ. ನಾನು ಬಾಯಿ ತೆರೆಯುವ ಮೊದಲೇ ದನಿ ತಗ್ಗಿಸಿ, "ಮೇಡಂ, ಫೋನಿಗೆ ಹಾಕ್ಬೋದಂತೆ, ನಂಗೊತ್ತು. ಹಾಕ್ಬೇಡಿ. ಹಾಕಿದ್ರೆ ಅವ್ನು ಈ ಕಡೆ ಬರೋದೇ ಬಿಡ್ತಾನೆ, ಅತ್ತೆಗೆ ಬೇಜಾರಾಗುತ್ತೆ" ಎಂದರು.

ಆಗಲಿ ಎಂದು ಈ ಕಡೆ ಬಂದರೆ ಜೀಪಿನ ಹತ್ತಿರ ಪ್ರಭಾಕರ ಗೌಡರು. "ಮೇಡಂ, ಒಂದ್ ವಿಷ್ಯ. ಇದನ್ನ ಫೋನಿಗೆ ಕೊಡೋದೇನೂ ಬೇಡ. ಅಣ್ಣನಿಗೆ ಕಣ್ಣು ಮಂಜು, ಫೋನಲ್ಲಿ ಎಂತ ಓದ್ತಾರೆ? ಅತ್ತೆನೂ ಬೇಜಾರ್ ಮಾಡ್ಕೊಳ್ತಾರೆ."

ನಾನು ನಕ್ಕು ಒಳಗೆ ಹೋಗಿ ಕೆಲಸ ಮುಗಿಸಿದೆ. ಇಬ್ಬರೂ ಗಾಜಿನ ಕೋಣೆಗೆ ಹೋಗಿ, ಒಬ್ಬರಾದ ಮೇಲೊಬ್ಬರು ಕ್ಯಾಲೆಂಡರ್ ನೋಡಿ, ಹಳೆಯ ಮೇಲ್ ಒಂದನ್ನು ತಮ್ಮ ಕೈಯಾರೆ ತೆರೆದರು. ನಾನು ಚೀಲ ಕಟ್ಟಿಕೊಂಡು ಸೀತಮ್ಮನವರ ಬಳಿ ಬಂದೆ. ಅವರು ಯಾರದೋ ಅಕ್ಕಿಯನ್ನು ಮಿಲ್ಲಿನ ಬಾಯಿಗೆ ಸುರಿಯುತ್ತಿದ್ದರು. ನನ್ನ ಕಿವಿಯ ಹತ್ತಿರ ಬಂದು, "ಫೋನಲ್ಲೇ ನೋಡ್ಬೋದು ಅಂತ ಅವ್ರಿಗೆ ಹೇಳಿಲ್ಲ ತಾನೆ ಮಾರಾಯ್ತಿ?" ಎಂದರು. "ನಮ್ಮ ಮೊಮ್ಮಗ್ಳು ಯಾವತ್ತೋ ಹೇಳಿದ್ಲು. ನಾನು ಬಾಯ್ ಬಿಟ್ಟಿಲ್ಲ."

"ನಾನು ಹೇಳಿಲ್ಲ ಅಮ್ಮ. ಆದ್ರೆ ಅವ್ರಿಗೆ ಗೊತ್ತಿದೆ."

ಅವರ ಕೈ ನಿಂತಿತು. "ಯಾರಿಗೆ?"

"ಇಬ್ರಿಗೂ."

ಸೀತಮ್ಮನವರು ಗಾಜಿನ ಕೋಣೆಯ ಕಡೆ ನೋಡಿದರು. ಒಳಗೆ ಅಣ್ಣ ಮೇಜು ಕುಟ್ಟುತ್ತಿದ್ದರು, ತಮ್ಮ ಪರದೆಗೆ ಬೆರಳು ಚುಚ್ಚಿ ಏನೋ ತೋರಿಸುತ್ತಿದ್ದರು. ಬಾಯಿ ಆಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ.

"ಇಷ್ಟು ವರ್ಷ ಎಂಥ ಜಗಳ ಆಡ್ತಾರೆ ಅಂತ ನಾನು ಒಂದಿನಾನೂ ಕೇಳಿಸ್ಕೊಂಡಿಲ್ಲ" ಎಂದು ಅವರು ಕೈಯ ಹಿಟ್ಟು ಒರೆಸಿಕೊಂಡು ಹೋಗಿ ಮಿಲ್ಲಿನ ಸ್ವಿಚ್ಚು ಆರಿಸಿದರು. ಬೆಲ್ಟು ನಿಧಾನವಾಗಿ ನಿಂತಿತು. ಅಕ್ಕಿ ಬೀಸಿಸಲು ಬಂದವರೂ ಗಾಜಿನ ಕೋಣೆಯ ಕಡೆ ತಿರುಗಿದರು. ಸದ್ದು ನಿಂತದ್ದು ತಿಳಿಯದೆ ಗೌಡರಿಬ್ಬರೂ, ಅಂದು ಹೊಗಳಿ ಬರೆದಿದ್ದ ಆ ಅತಿಥಿಗೆ ಕೋಳಿಸಾರು ಮಾಡಿದ್ದು ಯಾರ ಹೆಂಡತಿ ಎಂದು, ಇಡೀ ಪೇಟೆಗೆ ಕೇಳುವ ಹಾಗೆ ಕೂಗುತ್ತಲೇ ಇದ್ದರು.